ನಿಂತು ಇಳಿಯುವುದೋ, ಇಳಿದು ನಿಲ್ಲುವುದೋ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಆಡಿದ ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

2025ರ ಜೂನ್ 14ರ ರಾತ್ರಿ ತಿರುವನಂತಪುರದ ವಿಮಾನ ನಿಲ್ದಾಣದಲ್ಲಿ ಬ್ರಿಟನ್ನಿನ ಯುದ್ಧವಿಮಾನವೊಂದು ಬಂದು ಇಳಿದದ್ದು ನಿಮಗೆಲ್ಲ ನೆನಪಿರಬೇಕು. ಎಫ್-35ಬಿ. ಅರಬ್ಬಿ ಸಮುದ್ರದಲ್ಲಿದ್ದ ಪ್ರಿನ್ಸ್ ಆಫ್ ವೇಲ್ಸ್ ಎಂಬ ವಿಮಾನವಾಹಕ ನೌಕೆಯಿಂದ ಹೊರಟದ್ದು. ಹವೆ ಕೆಟ್ಟಿತು, ಇಂಧನ ಇಳಿಯಿತು, ನೌಕೆಗೆ ಮರಳಲಾಗಲಿಲ್ಲ. ನೆಲಕ್ಕೆ ಬಂದಮೇಲೆ ಹೈಡ್ರಾಲಿಕ್ ವ್ಯವಸ್ಥೆ ಕೈಕೊಟ್ಟದ್ದು ಗೊತ್ತಾಯಿತು. ಮುಂದಿನ ಐದು ವಾರ ಅದು ಅಲ್ಲೇ ಮಳೆಯಲ್ಲಿ ನೆನೆಯುತ್ತ ನಿಂತಿತ್ತು. ಹಾರಿಹೋದದ್ದು ಜುಲೈ 22ಕ್ಕೆ. ಅಷ್ಟರಲ್ಲಿ ಕೇರಳದ ಪ್ರವಾಸೋದ್ಯಮ ಇಲಾಖೆಯೂ ಅದರ ಮೇಲೊಂದು ತಮಾಷೆಯ ಪೋಸ್ಟ್ ಹಾಕಿಯಾಗಿತ್ತು.

ನಕ್ಕೆವು, ಮರೆತೆವು. ನನಗೆ ಮಾತ್ರ ಒಂದು ವಿಷಯ ಕೊರೆಯುತ್ತಲೇ ಇತ್ತು. ಆ ವಿಮಾನದ ಹೆಸರುವಾಸಿ ವಿದ್ಯೆಯೇ ಗಾಳಿಯಲ್ಲಿ ನಿಂತು, ಮೆಲ್ಲಗೆ ನೇರ ಕೆಳಗಿಳಿಯುವುದು. ರನ್‌ವೇ ಬೇಡ ಎಂಬ ಒಂದೇ ಅನುಕೂಲಕ್ಕಾಗಿ ಅದರ ಹೊಟ್ಟೆಯಲ್ಲಿ ಇಡೀ ಒಂದು ಯಂತ್ರವನ್ನು ಹೊರಿಸಿದ್ದಾರೆ. ಆದರೂ ಕಷ್ಟಕಾಲದಲ್ಲಿ ಅದು ಹುಡುಕಿಕೊಂಡು ಬಂದದ್ದು ಉದ್ದನೆಯ ರನ್‌ವೇಯನ್ನೇ. ಇದು ಆ ವಿಮಾನದ ಅಪಹಾಸ್ಯವಲ್ಲ. ಹತ್ತಿರ ರನ್‌ವೇ ಇದ್ದರೆ ಯಾವ ಪೈಲಟ್ಟೂ ಅಲ್ಲಿಗೇ ಹೋಗುತ್ತಾನೆ. ಆದರೆ ಆ ವಿದ್ಯೆ ಎಲ್ಲಿ ಆಸ್ತಿ, ಎಲ್ಲಿ ಹೊರೆ ಎಂದು ಕೇಳಿಕೊಳ್ಳಲು ಇದೊಂದು ಒಳ್ಳೆಯ ನೆಪ.

ಮೊದಲು ತಂತಿಗೆ ಇಳಿಯುವ ವಿಮಾನವನ್ನು ನೋಡೋಣ. ಹಡಗಿನ ಡೆಕ್ ಮೇಲೆ ಅಡ್ಡಡ್ಡಲಾಗಿ ಮೂರೋ ನಾಲ್ಕೋ ದಪ್ಪ ಉಕ್ಕಿನ ಕೇಬಲ್‌ಗಳು. ವಿಮಾನದ ಬಾಲದಡಿ ಒಂದು ಕೊಕ್ಕೆ. ವಿಮಾನ ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿ ಬಂದು ಡೆಕ್ಕಿಗೆ ಅಪ್ಪಳಿಸುತ್ತದೆ. ಅಪ್ಪಳಿಸುತ್ತದೆ ಎಂದೇ ಹೇಳಬೇಕು, ಅದು ಇಳಿಯುವ ಪರಿಯಲ್ಲ. ಚಕ್ರ ತಾಗಿದ ಕೂಡಲೇ ಪೈಲಟ್ ಏನು ಮಾಡುತ್ತಾನೆ ಗೊತ್ತೆ? ಎಂಜಿನ್ನನ್ನು ಪೂರ್ತಿ ಬಲಕ್ಕೆ ತಳ್ಳುತ್ತಾನೆ. ನಿಲ್ಲಬೇಕಾದವನು ಓಡಲು ತಯಾರಾಗುತ್ತಾನೆ. ಏಕೆಂದರೆ ಕೊಕ್ಕೆ ಕೇಬಲ್ಲಿಗೆ ಸಿಕ್ಕಿತೋ ಇಲ್ಲವೋ ಎಂದು ತಿಳಿಯುವ ಹೊತ್ತಿಗೆ ಡೆಕ್ಕೇ ಮುಗಿದಿರುತ್ತದೆ. ಸಿಗದಿದ್ದರೆ ಮತ್ತೆ ಹಾರಬೇಕು, ಸುತ್ತಿ ಬರಬೇಕು. ಅದಕ್ಕೆ ಬೋಲ್ಟರ್ ಎನ್ನುತ್ತಾರೆ. ಸಿಕ್ಕಿತೋ, 100 ಮೀಟರ್ ಆಸುಪಾಸಿನಲ್ಲಿ, ಎರಡು ಮೂರು ಸೆಕೆಂಡಿನಲ್ಲಿ ಎಲ್ಲ ನಿಶ್ಚಲ. ಇದನ್ನೇ ರಾತ್ರಿ, ಮಳೆಯಲ್ಲಿ, ಏಳುತ್ತ ಬೀಳುತ್ತ ಇರುವ ಡೆಕ್ ಮೇಲೆ ಮಾಡಬೇಕು.

ಹಾರುವುದಕ್ಕೆ ಕ್ಯಾಟಪಲ್ಟ್. ಕವಣೆಯಲ್ಲಿ ಕಲ್ಲು ಬೀಸಿದಂತೆ, 90 ಮೀಟರ್ ಹಳಿಯ ಮೇಲೆ ವಿಮಾನವನ್ನು ಎರಡು ಸೆಕೆಂಡಿನಲ್ಲಿ ಹಾರುವ ವೇಗಕ್ಕೆ ಎಸೆಯುತ್ತದೆ. ಹಿಂದೆಲ್ಲ ಹಬೆಯ ಬಲ, ಈಗ ಅಮೆರಿಕದ ಜೆರಾಲ್ಡ್ ಫೋರ್ಡ್‌ನಲ್ಲೂ ಚೀನಾದ ಫುಜಿಯಾನ್‌ನಲ್ಲೂ ವಿದ್ಯುತ್ಕಾಂತದ ಬಲ.

ಇಲ್ಲೊಂದು ವ್ಯಂಗ್ಯವಿದೆ. ಹಬೆಯ ಕ್ಯಾಟಪಲ್ಟ್, ಇಳಿಯುವ ಪಟ್ಟಿಯನ್ನು ಹಡಗಿನ ಉದ್ದಕ್ಕೆ ಓರೆಯಾಗಿಡುವ ಓರೆ ಡೆಕ್, ಇಳಿಯುವ ಪೈಲಟ್‌ಗೆ ದಾರಿ ತೋರುವ ಕನ್ನಡಿ, ಈ ಮೂರೂ ಬ್ರಿಟಿಷ್ ನೌಕಾಪಡೆಯವರ ತಲೆಯಿಂದ ಬಂದವು, ಹೆಚ್ಚುಕಡಿಮೆ 1950ರ ಆಸುಪಾಸಿನಲ್ಲೇ. ಕನ್ನಡಿಯ ಕಥೆ ಸೊಗಸಾಗಿದೆ. ನಿಕೋಲಸ್ ಗುಡ್‌ಹಾರ್ಟ್ ಎಂಬ ಅಧಿಕಾರಿ ಕಚೇರಿಯ ಮೇಜಿನ ಮೇಲೆ ಪುಟ್ಟ ಕನ್ನಡಿ ಇಟ್ಟು, ಅದರ ಮೇಲೆ ಲಿಪ್‌ಸ್ಟಿಕ್ಕಿನಲ್ಲಿ ಅಡ್ಡಗೆರೆ ಎಳೆದು, ಬೆಳಕಿನ ಚುಕ್ಕೆಯನ್ನು ಗೆರೆಯ ಮೇಲೆಯೇ ಇಟ್ಟುಕೊಂಡು ಹತ್ತಿರ ಬಾ ಎಂದು ಕಾರ್ಯದರ್ಶಿಗೆ ಹೇಳಿದನಂತೆ. ಆಕೆ ನಡೆದು ಬಂದಳು, ಗಲ್ಲ ಸರಿಯಾಗಿ ಮೇಜಿಗೆ ತಾಗಿತು. ಇಂದಿಗೂ ನೌಕೆಯ ಮೇಲೆ ಇಳಿಯುವ ಪೈಲಟ್ಟುಗಳು ನೋಡುವ ದೀಪ ಆ ಕನ್ನಡಿಯ ವಂಶದ್ದೇ. ಈ ಮೂರನ್ನೂ ಜಗತ್ತಿಗೆ ಕೊಟ್ಟ ನೌಕಾಪಡೆ 1970ರ ದಶಕದ ಕೊನೆಗೆ ಮೂರನ್ನೂ ಕೈಬಿಟ್ಟಿತು. ದೊಡ್ಡ ನೌಕೆಗೆ ದುಡ್ಡಿಲ್ಲ ಎಂದು 1966ರಲ್ಲೇ ಸರ್ಕಾರ ಹೇಳಿಬಿಟ್ಟಿತ್ತು.

ಆಗ ಕೈಹಿಡಿದದ್ದು ಹ್ಯಾರಿಯರ್. ಒಂದು ಎಂಜಿನ್, ನಾಲ್ಕು ತಿರುಗುವ ನಳಿಕೆ. ನಳಿಕೆ ಹಿಂದಕ್ಕಿದ್ದರೆ ವಿಮಾನ ಮುಂದಕ್ಕೆ, ಕೆಳಕ್ಕಿದ್ದರೆ ಮೇಲಕ್ಕೆ. ಇಳಿದು ನಿಲ್ಲುವುದಕ್ಕಿಂತ ನಿಂತು ಇಳಿಯುವುದು ಮೇಲು ಎಂಬುದು ಹ್ಯಾರಿಯರ್ ಪೈಲಟ್ಟುಗಳ ಮಾತು. ಇಂದಿನ ಶೀರ್ಷಿಕೆಯನ್ನು ನಾನು ಅಲ್ಲಿಂದಲೇ ಎತ್ತಿಕೊಂಡದ್ದು.

ಆ ಮಾತಿಗೆ ಸಾಕ್ಷಿ ಬೇಕಾದರೆ 1983ರ ಜೂನ್. ಪೋರ್ಚುಗಲ್ ಕರಾವಳಿಯಾಚೆ ತರಬೇತಿಯಲ್ಲಿದ್ದ ಒಬ್ಬ ಎಳೆಯ ಬ್ರಿಟಿಷ್ ಪೈಲಟ್‌ಗೆ ತನ್ನ ನೌಕೆ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ. ರೇಡಿಯೋ ಇಲ್ಲ, ಇಂಧನ ತಳ ಕಂಡಿತ್ತು. ಕೆಳಗೆ ಅಲ್ರೈಗೊ ಎಂಬ ಸ್ಪೇನಿನ ಸರಕು ಹಡಗು ಕಂಡಿತು. ಅದರ ಕಂಟೇನರುಗಳ ಮೇಲೆ ಸೀ ಹ್ಯಾರಿಯರನ್ನು ಇಳಿಸಿಯೇಬಿಟ್ಟ. ವಿಮಾನ ಹಿಂದಕ್ಕೆ ಜಾರಿ ಅಲ್ಲಿದ್ದ ಒಂದು ವ್ಯಾನ್ ಮೇಲೆ ಬಾಲ ಊರಿ ನಿಂತಿತು. ಹಡಗಿನ ಕಪ್ತಾನ ತನ್ನ ದಾರಿ ಬದಲಿಸದೆ, ಆ ವಿಚಿತ್ರ ಸರಕಿನ ಸಮೇತ ಟೆನೆರೈಫ್ ಬಂದರಿಗೆ ಹೋದ. ತಂತಿ ಕೊಕ್ಕೆಯ ವಿಮಾನವಾಗಿದ್ದರೆ ಆ ಹುಡುಗನಿಗೆ ಉಳಿದಿದ್ದ ದಾರಿ ಒಂದೇ: ಕುರ್ಚಿ ಸಮೇತ ಹೊರಗೆ ಹಾರುವುದು.

ಅದಕ್ಕೂ ಒಂದು ವರ್ಷ ಮೊದಲು, 1982ರ ಫಾಕ್‌ಲ್ಯಾಂಡ್ಸ್ ಯುದ್ಧ. ಈ ಚರ್ಚೆಯಲ್ಲಿ ಎರಡೂ ಬಣದವರು ಅದನ್ನೇ ಎತ್ತಿ ಆಡುತ್ತಾರೆ, ಎರಡೂ ಬಣದವರು ಅರ್ಧವನ್ನಷ್ಟೇ ಹೇಳುತ್ತಾರೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಬ್ರಿಟನ್ ಕಳಿಸಿದ್ದು 28 ಸೀ ಹ್ಯಾರಿಯರ್. ಹರ್ಮೀಸ್ ಮತ್ತು ಇನ್ವಿನ್ಸಿಬಲ್ ಎಂಬ ಎರಡು ನೌಕೆಗಳಿಂದ ಹಾರಿ 20ರಷ್ಟು ವಿಮಾನಗಳನ್ನು ಕೆಡವಿದವು. ನೆಲದ ಗುಂಡಿಗೂ ಅಪಘಾತಕ್ಕೂ ಆರು ಹೋದವು, ಆದರೆ ಆಕಾಶದ ಕಾದಾಟದಲ್ಲಿ ಒಂದೂ ಬೀಳಲಿಲ್ಲ. ಎದುರಾಳಿ ಅರ್ಜೆಂಟೀನಾದ ಬಳಿ ಕ್ಯಾಟಪಲ್ಟ್ ಇದ್ದ ನೌಕೆಯಿತ್ತು, ವೆಂತಿಸಿಂಕೊ ದೆ ಮಾಯೊ. ಮೇ 2ರ ಬೆಳಗ್ಗೆ ಅದರ ಡೆಕ್ ಮೇಲೆ ಬಾಂಬು ಹೊತ್ತ ಸ್ಕೈಹಾಕ್ ವಿಮಾನಗಳು ಬ್ರಿಟಿಷ್ ಪಡೆಯ ಮೇಲೆ ಎರಗಲು ತಯಾರಾಗಿದ್ದವು. ಗಾಳಿಯೇ ಬೀಸಲಿಲ್ಲ. ಹಳೆಯ ಹಡಗು, ನಿಧಾನದ ಓಟ, ದುರ್ಬಲ ಕ್ಯಾಟಪಲ್ಟ್. ಎದುರು ಗಾಳಿಯಿಲ್ಲದೆ ತುಂಬಿದ ವಿಮಾನವನ್ನು ಎಸೆಯುವಷ್ಟು ಶಕ್ತಿ ಅದಕ್ಕಿರಲಿಲ್ಲ. ಸದಾ ಬಿರುಗಾಳಿಯ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಅಂದೊಂದು ದಿನ ಗಾಳಿ ಸತ್ತಿತ್ತು, ದಾಳಿ ರದ್ದಾಯಿತು. ನಿಂತು ಇಳಿಯುವವರ ಪರವಾದಿಗಳು ಇಲ್ಲಿಗೆ ಕಥೆ ಮುಗಿಸುತ್ತಾರೆ.

ಎರಡು ದಿನ ಮುಂದೆ ಹೋಗಿ. ಮೇ 4. ಅರ್ಜೆಂಟೀನಾದ ಎರಡು ಸೂಪರ್ ಎತೆಂದಾರ್ ವಿಮಾನಗಳು ನೆಲದ ನೆಲೆಯಿಂದ ಎದ್ದು, ಅಲೆಗಳ ನೆತ್ತಿ ಸವರುತ್ತ ಬಂದು ಎಕ್ಸೋಸೆಟ್ ಕ್ಷಿಪಣಿ ಬಿಟ್ಟವು. ಶೆಫೀಲ್ಡ್ ಹಡಗು ಉರಿಯಿತು, 20 ಜನ ಸತ್ತರು. ಯಾರೂ ಮೊದಲೇ ಕಾಣಲಿಲ್ಲವೇಕೆ? ಮೇಲಿನಿಂದ ನೋಡುವ ಕಣ್ಣಿರಲಿಲ್ಲ. ಕ್ಯಾಟಪಲ್ಟ್ ಇದ್ದ ಕಾಲದಲ್ಲಿ ಬ್ರಿಟಿಷ್ ನೌಕೆಗಳಿಂದ ರೇಡಾರ್ ಹೊತ್ತ ಗ್ಯಾನೆಟ್ ವಿಮಾನ ಹಾರುತ್ತಿತ್ತು. ಕ್ಯಾಟಪಲ್ಟ್ ಹೋಯಿತು, ಗ್ಯಾನೆಟ್ಟೂ ಹೋಯಿತು.

ಇದರ ಲೆಕ್ಕ ಸುಲಭ. ಭೂಮಿ ದುಂಡಗಿರುವುದರಿಂದ ರೇಡಾರ್ ಎಷ್ಟು ಎತ್ತರದಲ್ಲಿದೆಯೋ ಅದಕ್ಕೆ ತಕ್ಕಷ್ಟೇ ದೂರದ ಸಮುದ್ರ ಕಾಣುತ್ತದೆ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ವರ್ಗಮೂಲ ಕಂಡು, 4.1ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ಉತ್ತರ ಬರುತ್ತದೆ. ಹಡಗಿನ ಕಂಬದ ಮೇಲೆ 30 ಮೀಟರ್ ಎತ್ತರದ ರೇಡಾರ್‌ಗೆ ಅಲೆಗೆ ಅಂಟಿ ಬರುವ ವಿಮಾನ ಕಾಣುವುದು 22 ಕಿ.ಮೀ. ಒಳಗೆ ಬಂದಮೇಲೆ. ಹೆಲಿಕಾಪ್ಟರನ್ನು 3,000 ಮೀಟರ್ ಎತ್ತರಕ್ಕೆ ಕಳಿಸಿದರೆ 225. ಅಮೆರಿಕ, ಫ್ರಾನ್ಸ್ ಬಳಸುವ ಹಾಕ್‌ಐ ವಿಮಾನ 9,000 ಮೀಟರಿನಲ್ಲಿದ್ದರೆ 390. ಹೆಲಿಕಾಪ್ಟರ್ ಅಷ್ಟು ಎತ್ತರ ಏರದು, ಅಷ್ಟು ಹೊತ್ತು ನಿಲ್ಲದು. ಹಾಕ್‌ಐ ಕ್ಯಾಟಪಲ್ಟ್ ಇಲ್ಲದೆ ಏಳದು. ಜನ ನಿಂತು ಇಳಿಯುವ ಎಫ್-35ಬಿ ಒಳ್ಳೆಯದೋ, ಕ್ಯಾಟಪಲ್ಟಿನಿಂದ ಎದ್ದು ತಂತಿಗೆ ಇಳಿಯುವ ಎಫ್-35ಸಿ ಒಳ್ಳೆಯದೋ ಎಂದು ತಾಸುಗಟ್ಟಲೆ ವಾದಿಸುತ್ತಾರೆ. ನನಗೆ ಕೇಳಿದರೆ ಕ್ಯಾಟಪಲ್ಟಿನ ಪರ ಇರುವ ಅತಿ ಗಟ್ಟಿ ವಾದ ಯುದ್ಧವಿಮಾನದ್ದೇ ಅಲ್ಲ. ನಿಧಾನವಾಗಿ ಹಾರುವ, ಪ್ರೊಪೆಲರಿನ, ನೋಡಲು ಏನೇನೂ ಚೆಂದವಿಲ್ಲದ ಈ ರೇಡಾರ್ ವಿಮಾನದ್ದು.

ಈಗ ಎಫ್-35ರ ಹೊಟ್ಟೆ ಬಿಚ್ಚಿ ನೋಡೋಣ. ಬಿ ಮಾದರಿಯಲ್ಲಿ ಪೈಲಟ್ಟಿನ ಬೆನ್ನ ಹಿಂದೆಯೇ ಮಲಗಿಸಿಟ್ಟ ಒಂದು ದೊಡ್ಡ ಫ್ಯಾನ್. ಇಳಿಯುವಾಗ ಬೆನ್ನ ಮೇಲಿನ ಬಾಗಿಲು ಪೆಟ್ಟಿಗೆಯ ಮುಚ್ಚಳದಂತೆ ತೆರೆದುಕೊಳ್ಳುತ್ತದೆ, ಎಂಜಿನ್ನಿನಿಂದ ಬರುವ ಶಾಫ್ಟ್ ಫ್ಯಾನನ್ನು ತಿರುಗಿಸುತ್ತದೆ, ಒಂಬತ್ತು ಟನ್ನಿನಷ್ಟು ನೂಕುಬಲ ಕೆಳಮುಖವಾಗಿ ಹೊಮ್ಮುತ್ತದೆ. ಹಿಂದೆ ಎಂಜಿನ್ನಿನ ನಳಿಕೆ ಮೊಣಕೈ ಮಡಿಸಿದಂತೆ ಕೆಳಕ್ಕೆ ಬಾಗುತ್ತದೆ. ಮೆಕ್ಯಾನಿಕಲ್ ಓದಿದ ನನ್ನಂಥವನಿಗೆ ಅದನ್ನು ನೋಡಿದಾಗ ಕೈಮುಗಿಯುವಂತಾಗುತ್ತದೆ. ಆದರೆ ಈ ಫ್ಯಾನ್ ಕೆಲಸ ಮಾಡುವುದು ಏಳುವಾಗಿನ, ಇಳಿಯುವಾಗಿನ ಕೆಲವೇ ನಿಮಿಷ. ಉಳಿದಷ್ಟೂ ಹೊತ್ತು ಅದು ಸುಮ್ಮನೆ ಕೂತ ಪ್ರಯಾಣಿಕ. ಆ ಜಾಗದಲ್ಲಿ ಇಂಧನ ಇರಬೇಕಿತ್ತು. ಬಿ ಒಳಗೆ ಹೊರುವುದು ಆರು ಟನ್ ಇಂಧನ, ನೌಕೆಗೆಂದೇ ಮಾಡಿದ ಸಿ ಹೊರುವುದು ಒಂಬತ್ತರ ಹತ್ತಿರ. ದಾಳಿಗೆ ಹೋಗಿ ಮರಳಬಲ್ಲ ದೂರ ಬಿಗೆ 830 ಕಿ.ಮೀ. ಆಸುಪಾಸು, ಸಿಗೆ 1,100. ಹೊಟ್ಟೆಯೊಳಗೆ ಇಡುವ ಬಾಂಬಿನಲ್ಲೂ ವ್ಯತ್ಯಾಸ: ಸಿಯಲ್ಲಿ 2,000 ಪೌಂಡಿನದು ಹಿಡಿಸುತ್ತದೆ, ಬಿಯಲ್ಲಿ 1,000 ಪೌಂಡಿನದು.

ಇಳಿಯುವಾಗಿನ ತೂಕದ ತಾಪತ್ರಯ ಬೇರೆ. ಓಡುವ ವಿಮಾನವನ್ನು ರೆಕ್ಕೆ ಪುಕ್ಕಟೆ ಎತ್ತಿ ಹಿಡಿಯುತ್ತದೆ. ನಿಂತ ವಿಮಾನವನ್ನು ಎಂಜಿನ್ ಒಂದೇ ಹೊರಬೇಕು. ಸೆಕೆಯ ದಿನ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತದೆ. ಬಳಸದೆ ಉಳಿದ ಕ್ಷಿಪಣಿಗಳನ್ನು ಹೊತ್ತು ಇಳಿಯಲಾಗದಿದ್ದರೆ ಕೋಟಿಗಟ್ಟಲೆ ಬೆಲೆಯ ಮಾಲನ್ನು ಸಮುದ್ರಕ್ಕೆ ಚೆಲ್ಲಿ ಬರಬೇಕು. ಬ್ರಿಟನ್ 2006ರಲ್ಲಿ ತನ್ನ ಕೊನೆಯ ಸೀ ಹ್ಯಾರಿಯರುಗಳನ್ನು ಮೂಲೆಗೆ ಸೇರಿಸಲು ಈ ಸೆಕೆಯ ಕಾಟವೂ ಒಂದು ಕಾರಣ. ಎಫ್-35ಬಿಗೆ ಇದಕ್ಕೊಂದು ಉಪಾಯ ಹುಡುಕಿದ್ದಾರೆ: ಪೂರ್ತಿ ನಿಲ್ಲದೆ, ಮೆಲ್ಲಗೆ ಮುಂದಕ್ಕೆ ಸಾಗುತ್ತ ಡೆಕ್ ಮುಟ್ಟಿ, ಬ್ರೇಕ್ ಹಿಡಿದು ನಿಲ್ಲುವುದು. ರೆಕ್ಕೆಯೂ ಸ್ವಲ್ಪ ಕೈಜೋಡಿಸುತ್ತದೆ. 2018ರಲ್ಲಿ ಕ್ವೀನ್ ಎಲಿಜಬೆತ್ ನೌಕೆಯ ಮೇಲೆ ಇದು ಮೊದಲ ಬಾರಿ ನಡೆಯಿತು. ಅಂದರೆ ನಿಂತು ಇಳಿಯುವ ವಿಮಾನವೂ ಕೊನೆಗೆ ಚೂರು ಇಳಿದು ನಿಲ್ಲಬೇಕಾಯಿತು.

ಒಟ್ಟಿನಲ್ಲಿ ನನ್ನ ವಾದ ಇಷ್ಟೆ. ಸಮುದ್ರದ ನಡುವೆ ಯುದ್ಧವಿಮಾನ ಏಳಬೇಕು, ಇಳಿಯಬೇಕು ಎಂದರೆ ಒಂದು ಭಾರೀ ಯಂತ್ರ ಬೇಕೇಬೇಕು. ಅದನ್ನು ಹಡಗು ಹೊರಬೇಕೋ ವಿಮಾನ ಹೊರಬೇಕೋ, ಪ್ರಶ್ನೆ ಅಷ್ಟೇ. ಹಡಗು ಹೊತ್ತರೆ ಹಡಗು ದೊಡ್ಡದಾಗುತ್ತದೆ, ದುಬಾರಿಯಾಗುತ್ತದೆ, ಪೈಲಟ್ಟುಗಳ ಅಭ್ಯಾಸ ಸದಾ ನಡೆಯುತ್ತಿರಬೇಕು. ವಿಮಾನ ಹೊತ್ತರೆ ಪ್ರತಿ ಹಾರಾಟದಲ್ಲೂ ಅದರ ಬಡ್ಡಿ ಕಟ್ಟಬೇಕು. ಆದ್ದರಿಂದ ಇದು ವಿಮಾನದ ಆಯ್ಕೆಯೇ ಅಲ್ಲ, ಹಡಗಿನ ಆಯ್ಕೆ. ಸಣ್ಣ ಹಡಗಿದ್ದರೆ ಹೊರೆ ವಿಮಾನಕ್ಕೆ ಹೋಗುವುದು ನ್ಯಾಯ. ಜಪಾನ್ ತನ್ನ ಇಜುಮೊ, ಕಾಗಾ ಹಡಗುಗಳ ಡೆಕ್ ತಿದ್ದಿ ಎಫ್-35ಬಿಗೆ ಅಣಿ ಮಾಡಿದ್ದು, ಇಟಲಿ ಕವೂರ್ ನೌಕೆಯಲ್ಲಿ ಅದನ್ನೇ ಇಟ್ಟುಕೊಂಡದ್ದು ಜಾಣತನ. ಅಂಥ ಹಡಗಿಗೆ ಬೇರೆ ದಾರಿಯೇ ಇಲ್ಲ.

ಬ್ರಿಟನ್ನಿನದು ಹಾಗಲ್ಲ. ಅವರು ಕಟ್ಟಿದ್ದು 65,000 ಟನ್ನಿನ, 280 ಮೀಟರ್ ಉದ್ದದ ಎರಡು ನೌಕೆ. ಫ್ರಾನ್ಸಿನ ಶಾರ್ಲ್ ದ ಗೋಲ್ 42,000 ಟನ್ ಆಸುಪಾಸಿನದು, ಅದರಲ್ಲೇ ಎರಡು ಕ್ಯಾಟಪಲ್ಟ್ ಇವೆ, ರಫೇಲ್ ಇದೆ, ಹಾಕ್‌ಐ ಕೂಡ ಇದೆ. ಬ್ರಿಟನ್ 2002ರಲ್ಲಿ ನಿಂತು ಇಳಿಯುವ ಬಿ ಮಾದರಿಯನ್ನು ಆರಿಸಿತು. ಹಡಗು ಇನ್ನೂ ಕಾಗದದ ಮೇಲಿತ್ತು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿಯಾಯಿತು. ಬೇಕಾದರೆ ಮುಂದೆ ಕ್ಯಾಟಪಲ್ಟ್ ಕೂರಿಸಬಹುದು, ಜಾಗ ಬಿಟ್ಟಿದ್ದೇವೆ ಎಂದರು. 2010ರ ಅಕ್ಟೋಬರಿನಲ್ಲಿ ಕ್ಯಾಮರಾನ್ ಸರ್ಕಾರ ಬಂದು, ಬಿ ಬೇಡ ಸಿ ಬೇಕು ಎಂದಿತು. ಅದೇ ಡಿಸೆಂಬರಿನಲ್ಲಿ ಉಳಿದಿದ್ದ ಬೇರೆ ಮಾದರಿಯ ಹ್ಯಾರಿಯರುಗಳನ್ನೂ ನಿಲ್ಲಿಸಿ, ಮರುವರ್ಷ ಅಮೆರಿಕಕ್ಕೆ ಮಾರಿಬಿಟ್ಟಿತು. 2012ರ ಮೇ 10ರಂದು ರಕ್ಷಣಾ ಸಚಿವ ಫಿಲಿಪ್ ಹ್ಯಾಮಂಡ್ ಸಂಸತ್ತಿನಲ್ಲಿ ಎದ್ದು, ಸಿ ಬೇಡ ಬಿಯೇ ಇರಲಿ ಎಂದರು. ಒಂದು ನೌಕೆಗೆ ಕ್ಯಾಟಪಲ್ಟ್ ಮತ್ತು ತಂತಿ ಕೂರಿಸುವ ವೆಚ್ಚ ಎರಡು ಪಟ್ಟಿಗೂ ಮಿಕ್ಕಿ 200 ಕೋಟಿ ಪೌಂಡ್ ಮುಟ್ಟಿತ್ತು, ಕೆಲಸ 2020ಕ್ಕೆ ಮುಗಿಯುವುದು 2023ಕ್ಕೆ ಹೋಗಿತ್ತು. ಈ ಎರಡು ವರ್ಷದ ಹೋಗಿಬಾ ಆಟಕ್ಕೆ ಖರ್ಚಾದದ್ದು ಸುಮಾರು 7.4 ಕೋಟಿ ಪೌಂಡ್ ಎಂದು ಅಲ್ಲಿನ ಲೆಕ್ಕಪರಿಶೋಧಕರು ಬರೆದರು.

ಜಾಗ ಬಿಟ್ಟಿದ್ದರಲ್ಲ, ಅಷ್ಟು ಖರ್ಚು ಏಕೆ? ಜಾಗ ಇದ್ದರೆ ಸಾಲದು. ಹಬೆಯ ಕ್ಯಾಟಪಲ್ಟಿಗೆ ಹಬೆ ಬೇಕು. ಅಮೆರಿಕ, ಫ್ರಾನ್ಸಿನ ನೌಕೆಗಳಲ್ಲಿ ಪರಮಾಣು ರಿಯಾಕ್ಟರ್ ಇದೆ, ಹಬೆ ಧಾರಾಳ. ಬ್ರಿಟಿಷ್ ನೌಕೆ ಓಡುವುದು ಗ್ಯಾಸ್ ಟರ್ಬೈನ್ ಮತ್ತು ಡೀಸೆಲ್ ಮೇಲೆ; ಬಾಯ್ಲರೇ ಇಲ್ಲ. ಉಳಿದದ್ದು ವಿದ್ಯುತ್ಕಾಂತದ ಕ್ಯಾಟಪಲ್ಟ್, ಅದಾಗ ಅಮೆರಿಕದಲ್ಲೇ ಇನ್ನೂ ಪರೀಕ್ಷೆಯಲ್ಲಿತ್ತು. ಆಗಲೇ ವಿವರವಾಗಿ ವಿನ್ಯಾಸವಾದ, ಅರ್ಧ ಕಟ್ಟಿದ ಹಡಗಿನ ಕೋಣೆಕೋಣೆಗಳನ್ನು, ಕೇಬಲ್ಲುಗಳನ್ನು ಮತ್ತೆ ಎಳೆದು ಹಾಕಬೇಕು. ಮನೆ ಕಟ್ಟುವಾಗ ಮುಂದೆ ಲಿಫ್ಟ್ ಹಾಕಿಸಬಹುದು ಎಂದು ಬಾಯಲ್ಲಿ ಹೇಳಿ, ಗುಂಡಿ ತೋಡದೆ, ವೈರಿಂಗ್ ಎಳೆಯದೆ ಗೋಡೆ ಎಬ್ಬಿಸಿದಂತೆ.

2012ರಲ್ಲಿ ಬೇರೆ ದಾರಿ ಇರಲಿಲ್ಲ ಎಂದೇ ನಾನೂ ಹೇಳುತ್ತೇನೆ. 2010ರ ಬಯಕೆಯೂ ತಪ್ಪಲ್ಲ. ತಪ್ಪಿದ್ದು ನಕ್ಷೆಯ ಮೇಜಿನ ಮೇಲೆ. ಹೊರೆ ಹೊರುವಷ್ಟು ದೊಡ್ಡ ಹಡಗನ್ನು ಕಟ್ಟಿ, ಹೊರೆಯನ್ನು ವಿಮಾನಕ್ಕೇ ಹೊರಿಸಿದರು.

ಬಿ ಪರವಾಗಿ ಆಗ ಹೇಳಿದ ಇನ್ನೊಂದು ಮಾತು ತರಬೇತಿಯದು. ತಂತಿಗೆ ಇಳಿಯುವ ಕೈಚಳಕ ಬೇಗ ಮರೆಯುತ್ತದೆ, ತಿಂಗಳುಗಟ್ಟಲೆ ಸಮುದ್ರದಲ್ಲೇ ಇರಬೇಕು. ನಿಂತು ಇಳಿಯುವುದನ್ನು ವಾಯುಪಡೆಯ ಪೈಲಟ್ಟೂ ಬೇಗ ಕಲಿಯುತ್ತಾನೆ. ನಿಜವಿತ್ತು. ಈಚೆಗೆ ಆ ವಾದದ ಬಲ ಕುಗ್ಗಿದೆ. ಅಮೆರಿಕದ ನೌಕಾಪಡೆಯಲ್ಲಿ ಈಗ ಇಳಿಯುವಾಗ ತಂತ್ರಾಂಶವೇ ರೆಕ್ಕೆಯ ಅಂಚುಗಳನ್ನು ಆಡಿಸುತ್ತದೆ; ಹಿಂದೆ ಕೊನೆಯ ಕೆಲವು ಸೆಕೆಂಡುಗಳಲ್ಲಿ ವಿಮಾನ ನಡೆಸುವ ಕೋಲನ್ನು ನೂರಾರು ಬಾರಿ ತಿದ್ದುತ್ತಿದ್ದ ಪೈಲಟ್ ಈಗ ಹತ್ತಾರು ಬಾರಿ ತಿದ್ದಿದರೆ ಸಾಕು. 2022ರ ಜನವರಿಯಲ್ಲಿ ಕಾರ್ಲ್ ವಿನ್ಸನ್ ನೌಕೆಯ ಹಿಂಬದಿಗೆ ಬಡಿದು ಒಂದು ಎಫ್-35ಸಿ ದಕ್ಷಿಣ ಚೀನಾ ಸಮುದ್ರಕ್ಕೆ ಬಿತ್ತಲ್ಲ, ಆ ದಿನ ಪೈಲಟ್ ನೆರವಿನ ವ್ಯವಸ್ಥೆಯನ್ನು ಚಾಲೂ ಮಾಡುವುದನ್ನೇ ಮರೆತಿದ್ದ. ಬಿ ಏನು ಸಮುದ್ರಕ್ಕೆ ಬೀಳುವುದಿಲ್ಲವೇ? 2021ರ ನವೆಂಬರಿನಲ್ಲಿ ಕ್ವೀನ್ ಎಲಿಜಬೆತ್ ಮೇಲಿಂದ ಏಳುತ್ತಿದ್ದ ಒಂದು ಬಿ, ವೇಗವೇ ಬರದೆ, ಡೆಕ್ಕಿನ ಮುಂತುದಿಯಲ್ಲಿ ಮೇಲಕ್ಕೆ ಬಾಗಿದ ರ‍್ಯಾಂಪಿನ ತುದಿಯಿಂದ ತೆವಳಿದಂತೆ ಮೆಡಿಟರೇನಿಯನ್ನಿಗೆ ಉರುಳಿತು. ಗಾಳಿ ಒಳಹೋಗುವ ಬಾಯಿಗೆ ಹಾಕಿದ್ದ ಮುಚ್ಚಳವೊಂದನ್ನು ತೆಗೆಯದೆ ಬಿಟ್ಟಿದ್ದರು. ಎರಡೂ ಅಪಘಾತಗಳಲ್ಲಿ ಪೈಲಟ್ಟುಗಳು ಬದುಕಿದರು.

ಮೂರನೆಯ ದಾರಿಯೊಂದಿದೆ: ರ‍್ಯಾಂಪಿನಿಂದ ಜಿಗಿದು ಏಳುವುದು, ತಂತಿಗೆ ಇಳಿಯುವುದು. ಭಾರತದ ವಿಕ್ರಮಾದಿತ್ಯ, ವಿಕ್ರಾಂತ್ ಎರಡೂ ಈ ಬಗೆಯವು. ಕ್ಯಾಟಪಲ್ಟಿನ ಖರ್ಚು ಉಳಿಯುತ್ತದೆ, ವಿಮಾನಕ್ಕೆ ಫ್ಯಾನಿನ ಹೊರೆಯೂ ಇಲ್ಲ. ಆದರೆ ತುಂಬಿದ ಹೊಟ್ಟೆಯಲ್ಲಿ ಜಿಗಿಯುವುದು ಕಷ್ಟ, ಹಾಕ್‌ಐ ಏಳದು, ತಂತಿಯ ಕಾಟವಂತೂ ಪೂರ್ತಿ ಇದ್ದೇ ಇದೆ. 2016ರಲ್ಲಿ ಸಿರಿಯಾದ ಕರಾವಳಿಗೆ ಹೋಗಿದ್ದ ರಷ್ಯಾದ ಅಡ್ಮಿರಲ್ ಕುಜ್ನೆತ್ಸೊವ್ ಮೂರು ವಾರದೊಳಗೆ ಎರಡು ವಿಮಾನ ಕಳೆದುಕೊಂಡಿತು, ಎರಡೂ ಕೇಬಲ್ಲಿನ ದೆಸೆಯಿಂದ. ಅವುಗಳಲ್ಲಿ ಒಂದು ಮಿಗ್-29ಕೆ. ಕೆಳಗೆ ಕೇಬಲ್ ಸರಿಪಡಿಸುವುದನ್ನು ಕಾಯುತ್ತ ಮೇಲೆ ಸುತ್ತುತ್ತಿದ್ದಾಗಲೇ ಅದರ ಇಂಧನ ಮುಗಿಯಿತು.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಆಮೇಲೆ ಎರಡು ಪ್ರಶ್ನೆ ಬಂದವು.

ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ: "ಸರ್, ಭಾರತ ಎಫ್-35ಬಿಯಂಥದ್ದನ್ನು ಕೊಳ್ಳಬೇಕಿತ್ತಲ್ಲವೇ? ನಮ್ಮ ನೌಕೆಗೆ ರ‍್ಯಾಂಪ್ ಇದ್ದೇ ಇದೆಯಲ್ಲ?"

ನಾನು ಹೇಳಿದೆ: "ಆ ದಾರಿಯಲ್ಲಿ ನಾವು ಒಮ್ಮೆ ನಡೆದಾಗಿದೆಯಮ್ಮ. ಫಾಕ್‌ಲ್ಯಾಂಡ್ಸ್‌ನಲ್ಲಿ ಹೋರಾಡಿದ ಅದೇ ಹರ್ಮೀಸ್ 1987ರಲ್ಲಿ ವಿರಾಟ್ ಆಗಿ ನಮಗೆ ಬಂತು. ಅದರ ಮೇಲೆ ಸೀ ಹ್ಯಾರಿಯರ್. 2016ರಲ್ಲಿ ಸೀ ಹ್ಯಾರಿಯರುಗಳು ಗೋವಾದಲ್ಲಿ ನಿವೃತ್ತಿಯಾದವು. ಆಮೇಲೆ ವಿರಾಟ್ ಮೇಲೆ ಹಾರಿಸಲು ಬೇರೆ ಯುದ್ಧವಿಮಾನವೇ ಇರಲಿಲ್ಲ. ನಿಂತು ಇಳಿಯುವ ವಿಮಾನ ಮಾಡುವವರು ಜಗತ್ತಿನಲ್ಲಿ ಒಬ್ಬರೇ ಇದ್ದಾಗ, ಅವರ ಅಂಗಡಿ ಮುಚ್ಚಿದ ದಿನ ನಿನ್ನ ಹಡಗೂ ಮುಚ್ಚುತ್ತದೆ. ತಂತಿ ಇದ್ದದ್ದರಿಂದಲೇ ನಮ್ಮ ಈಗಿನ ನೌಕೆಗಳ ಮಿಗ್-29ಕೆ ನಂತರ ಏನು ಎಂಬ ಪ್ರಶ್ನೆ ಬಂದಾಗ ಗೋವಾದಲ್ಲಿ ನೆಲದ ಮೇಲೆ ಕಟ್ಟಿದ ರ‍್ಯಾಂಪಿನ ಮೇಲೆ ರಫೇಲನ್ನೂ ಸೂಪರ್ ಹಾರ್ನೆಟ್ಟನ್ನೂ ಹಾರಿಸಿ ನೋಡಿ, 2025ರ ಏಪ್ರಿಲಿನಲ್ಲಿ ರಫೇಲಿನ ನೌಕಾ ಮಾದರಿಯಾದ 26 ರಫೇಲ್ ಎಂಗೆ ಸಹಿ ಹಾಕಲು ಆಯಿತು. ತೇಜಸ್ ಕೂಡ 2020ರಲ್ಲಿ ವಿಕ್ರಮಾದಿತ್ಯದ ತಂತಿಗೆ ಇಳಿದಿದೆ."

ಎರಡನೆಯ ಪ್ರಶ್ನೆ ಒಬ್ಬ ಹಿರಿಯರದು. "ಡ್ರೋನುಗಳು ಬಂದಮೇಲೆ ಇದೆಲ್ಲ ಹಳೇ ಕಥೆ ಆಗುವುದಿಲ್ಲವೇ ಸ್ವಾಮಿ?"

ಅದಕ್ಕೆ ನನ್ನ ಬಳಿ ಉತ್ತರಕ್ಕಿಂತ ಒಂದು ಸುದ್ದಿ ಇತ್ತು. 2023ರ ನವೆಂಬರಿನಲ್ಲಿ ಅದೇ ಪ್ರಿನ್ಸ್ ಆಫ್ ವೇಲ್ಸ್ ಮೇಲಿಂದ ಮೊಹಾವೆ ಎಂಬ ದೊಡ್ಡ ಡ್ರೋನ್ ಕ್ಯಾಟಪಲ್ಟೂ ಇಲ್ಲದೆ ತಂತಿಯೂ ಇಲ್ಲದೆ ಎದ್ದು ಇಳಿಯಿತು. ಅದು ನಿಧಾನದ, ಹಗುರದ ಯಂತ್ರ. ಹೆಚ್ಚು ಭಾರದ, ಹೆಚ್ಚು ವೇಗದ ಡ್ರೋನ್ ಬೇಕೆಂದರೆ ಎಸೆಯುವ ಸಾಧನ ಬೇಕು. ಹಾಗಾಗಿ ಬ್ರಿಟಿಷ್ ನೌಕಾಪಡೆ ಆ ಎರಡು ನೌಕೆಗಳಿಗೆ ಕ್ಯಾಟಪಲ್ಟ್ ಕೂರಿಸಬಹುದೇ ಎಂದು ಮತ್ತೆ ಪರಿಶೀಲಿಸತೊಡಗಿದೆ, ಈ ಬಾರಿ ಡ್ರೋನಿಗಾಗಿ.

"ಹಾಗಾದರೆ ಬಿಟ್ಟಿದ್ದ ಜಾಗ ಇನ್ನೂ ಇದೆಯೋ?" ಎಂದರು ಆ ಹಿರಿಯರು. ಸಭೆ ನಕ್ಕಿತು. ಜಾಗ ಇದೆ ಸಾರ್, ಬಾಯ್ಲರ್ ಇಲ್ಲ ಎಂದೆ.